ಸೋತ ಮಾತು, ಹೊತ್ತ ಮೇಳ: ಭಜನೆ ಮತ್ತು ಅಫೇಸಿಯಾ

ಪಾರ್ಶ್ವವಾಯುವಿನಿಂದ ಮೆದುಳಿನ ಭಾಷಾಕೇಂದ್ರಗಳಿಗೆ ಧಕ್ಕೆಯೊದಗಿದಾಗ ಉಂಟಾಗುವ ಭಾಷಾನಷ್ಟವೇ ಅಫೇಸಿಯಾ. ಇದು ಬುದ್ಧಿಯ ನಷ್ಟವಲ್ಲ. ಆದರೂ ಮಾತು ಸೋತವರನ್ನು ಬುದ್ಧಿಗೆಟ್ಟವರೆಂದು ಬಗೆದು ದೂರವಿಡುವುದುಂಟು. ಇಂಥವರಲ್ಲಿ ಕೆಲವರು ಮಾತನಾಡಲಾರದಿದ್ದರೂ ಬಾಯಿಪಾಠದ ಹಾಡನ್ನು ಪದಸಹಿತ ಹಾಡಬಲ್ಲರು. ಈ ಸಂಗತಿಯನ್ನಾಧರಿಸಿ 1973ರಲ್ಲಿ ಬಾಸ್ಟನ್ನಿನ ಸಂಶೋಧಕರು ಸ್ವರಲಯ ಚಿಕಿತ್ಸಾಕ್ರಮವೊಂದನ್ನು ಪ್ರಕಟಿಸಿದರು. ಎಡಗೈಯಿಂದ ಲಯ ತಟ್ಟುವುದು ಅದರ ಒಂದು ಅಂಗ. 2011ರಲ್ಲಿ 17 ರೋಗಿಗಳನ್ನು ಕುರಿತು ಪ್ರಕಟವಾದ ಜರ್ಮನಿಯ ಅಧ್ಯಯನವು ರಾಗಕ್ಕಿಂತ ಲಯ ಹಾಗೂ ಚಿರಪರಿಚಿತ ಪದಗಳೇ ಮುಖ್ಯವೆಂದು ಸೂಚಿಸಿತು.

ಸವದತ್ತಿ ತಾಲ್ಲೂಕಿನ ಹೂಲಿಯ ಪರಿಸರದ ಭಜನಾ ಪರಂಪರೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗಿದೆ. ಮುಂದಾಳು ಎತ್ತಿಕೊಟ್ಟ ಪಲ್ಲವಿಯನ್ನು ಮೇಳದವರು ತಾಳದೊಡನೆ ಮರಳಿ ಮರಳಿ ಹಾಡುತ್ತಾರೆ. ಪರಿಚಿತ ಪದ, ಸ್ಥಿರ ಲಯ, ಪುನರಾವರ್ತನೆ ಮೂರೂ ಅಲ್ಲಿವೆ. ಬಲಗೈ ಸೋತವರು ತಾಳ ಹಿಡಿಯಲಾರದಿದ್ದರೂ ಎಡಗೈಯಿಂದ ತೊಡೆ ತಟ್ಟಬಹುದು. ದನಿ ತಡವರಿಸಿದರೆ ಮೇಳ ಅದನ್ನು ಹೊತ್ತು ಸಾಗುತ್ತದೆ.

ಆದರೆ ಹಾಡಿದ ಮಾತ್ರಕ್ಕೆ ಮಾತು ಮರಳುವುದಿಲ್ಲ. ಬಾಯಿಪಾಠದ ಪದ ಬೇರೆ, ನೀರು ಬೇಕೆಂದು ಕೇಳುವ ಮಾತು ಬೇರೆ. ಎರಡನೆಯದಕ್ಕೆ ವಾಕ್‌ಚಿಕಿತ್ಸೆಯೇ ಬೇಕು. 1965ರಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿರುವ ಮೈಸೂರು ಹೂಲಿಗೆ ಬಹುದೂರ. ಭಜನೆಯು ಆ ಚಿಕಿತ್ಸೆಗೆ ಪರ್ಯಾಯವಾಗದು. ಮಾತು ಸೋತವರಿಗೆ ಊರಿನ ನಡುವೆ ಕುಳಿತುಕೊಳ್ಳುವ ಸ್ಥಾನವನ್ನು ಮಾತ್ರ ಅದು ಉಳಿಸಿಕೊಡಬಲ್ಲುದು. ಜಾನಪದ ಅಧ್ಯಯನವು ಗಮನಿಸಬೇಕಾದ ಸಂಗತಿ ಇದೇ.