ಹೆರಿಗೆಗೆ ಮುಂಚೆ ಮಗುವಿನ ಕ್ಷೇಮ ನೋಡುವ ಬಗೆ

ಏಳು ತಿಂಗಳು ತುಂಬಿದ ಮೇಲೆ ಹೊಟ್ಟೆಯೊಳಗಿನ ಮಗುವಿನ ಕ್ಷೇಮ ತಿಳಿಸುವ ಮೊದಲ ಗುರುತು ಅದರ ಮಿಸುಕಾಟ. ತಾಯಿ ಎಡಮಗ್ಗುಲಿಗೆ ಮಲಗಿ ಎಣಿಸಿದರೆ ಸಾಮಾನ್ಯವಾಗಿ ಎರಡು ಗಂಟೆಯೊಳಗೆ 10 ಮಿಸುಕಾಟವಾದರೂ ಸಿಗುತ್ತವೆ. ಹೆರಿಗೆ ಹತ್ತಿರವಾದಂತೆ ಮಗು ಸುಮ್ಮನಾಗುತ್ತದೆ ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಅದು ತಪ್ಪು, ಅಪಾಯಕಾರಿಯೂ ಹೌದು. ಮಿಸುಕಾಟ ಕಡಿಮೆಯಾಯಿತೆನಿಸಿದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು.

ಅಲ್ಲಿ ಸಾಮಾನ್ಯವಾಗಿ ಮೊದಲು ಮಾಡುವುದು ಎನ್‌ಎಸ್‌ಟಿ, ಅಂದರೆ ನಾನ್‌ಸ್ಟ್ರೆಸ್ ಟೆಸ್ಟ್. ಹೊಟ್ಟೆಗೆ ಎರಡು ಪಟ್ಟಿ ಕಟ್ಟುತ್ತಾರೆ: ಒಂದು ಮಗುವಿನ ಎದೆಬಡಿತವನ್ನು, ಇನ್ನೊಂದು ಗರ್ಭಕೋಶದ ಬಿಗಿತವನ್ನು ದಾಖಲಿಸುತ್ತದೆ. ಸೂಜಿಯಿಲ್ಲ, ನೋವಿಲ್ಲ. ಬಡಿತ ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕು. ನಾವು ನಡೆದಾಗ ಎದೆಬಡಿತ ಏರುವಂತೆ ಮಗು ಮಿಸುಕಿದಾಗಲೂ ಏರುತ್ತದೆ. 32 ವಾರದ ನಂತರ, 20 ನಿಮಿಷದಲ್ಲಿ ಎರಡು ಬಾರಿಯಾದರೂ 15 ಬಡಿತ ಹೆಚ್ಚಾಗಿ 15 ಸೆಕೆಂಡು ನಿಂತರೆ ಫಲಿತಾಂಶ ಸಮಾಧಾನಕರ. ಹಾಗಾಗದಿದ್ದರೆ ತಾಯಿ ಗಾಬರಿಪಡಬೇಕಿಲ್ಲ. ಎಷ್ಟೋ ಸಲ ಮಗು ನಿದ್ದೆಯಲ್ಲಿರುತ್ತದೆ. ಇನ್ನೂ 20 ನಿಮಿಷ ಕಾದು ನೋಡುತ್ತಾರೆ.

ಆಗಲೂ ಸಂಶಯ ಉಳಿದರೆ ಸ್ಕ್ಯಾನಿಂಗ್‌ನಲ್ಲಿ ಉಸಿರಾಟದ ಚಲನೆ, ಮೈ ಅಲುಗಾಟ, ಸ್ನಾಯುಗಳ ಬಿಗಿ, ಗರ್ಭನೀರು ಇವನ್ನು ನೋಡಿ, ಎನ್‌ಎಸ್‌ಟಿ ಸೇರಿಸಿ, ಸರಿಯಿದ್ದ ಒಂದೊಂದಕ್ಕೂ 2 ಅಂಕ ಕೊಡುತ್ತಾರೆ. ಇದು ಬಯೋಫಿಸಿಕಲ್ ಪ್ರೊಫೈಲ್. 8 ಅಥವಾ 10 ಬಂದರೆ ನೆಮ್ಮದಿ. 6 ಬಂದರೆ ಮರುಪರೀಕ್ಷೆ ಅಥವಾ ಹೆರಿಗೆಯ ಯೋಚನೆ. 4 ಅಥವಾ ಅದಕ್ಕೂ ಕಡಿಮೆಯಾದರೆ ಸಾಮಾನ್ಯವಾಗಿ ಹೆರಿಗೆಯನ್ನು ಮುಂದೂಡುವುದಿಲ್ಲ. ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ಡಾಪ್ಲರ್ ಸ್ಕ್ಯಾನಿಂಗ್‌ನಿಂದ ಅಳೆಯುತ್ತಾರೆ.

ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ, ದಿನ ದಾಟಿದವರಿಗೆ ಈ ಪರೀಕ್ಷೆಗಳು ಹೆಚ್ಚಾಗಿ ವಾರಕ್ಕೆ ಒಂದೆರಡು ಬಾರಿ ನಡೆಯುತ್ತವೆ.