ನಕಾಶೆಯ ದೂರ, ಆಕಾಶದ ಕಾಲ

ಹುಮನಾಬಾದಿನಲ್ಲಿ ಬಸ್ಸಿಗಾಗಿ ಕಾದು ನಿಂತ ಬಸವಕಲ್ಯಾಣದ ಪ್ರಯಾಣಿಕನಿಗೆ ಪುಣೆ–ಹೈದರಾಬಾದ್ ಹೆದ್ದಾರಿಯು ಕಂಡುಂಡ ವಸ್ತುವಾದುದರಿಂದ, ಮೈಲುಗಲ್ಲಿನ ಅಂಕಿಯನ್ನು ಬಸ್ಸಿನ ವೇಗದಿಂದ ಭಾಗಿಸಿ ಊರು ಮುಟ್ಟುವ ಹೊತ್ತನ್ನು ಆತನು ಹೆಚ್ಚುಕಡಿಮೆ ಸರಿಯಾಗಿಯೇ ಹೇಳಬಲ್ಲನು. ಆದರೆ 2020ರ ಫೆಬ್ರವರಿಯಲ್ಲಿ ನಾಗರಿಕ ಸಂಚಾರಕ್ಕೆ ತೆರೆದ ಬೀದರಿನ ನಿಲ್ದಾಣದಿಂದ ಆತನೇ ಬೆಂಗಳೂರಿಗೆ ವಿಮಾನವನ್ನೇರಿದನಾದರೆ, ದೂರದ ಲೆಕ್ಕವು ಸುಲಭವಾಗುವುದು, ಕಾಲದ ಲೆಕ್ಕವು ತೊಡಕಾಗುವುದು.

ಬೀದರಿನ ಅಕ್ಷಾಂಶ ಸುಮಾರು 17.9, ದೇವನಹಳ್ಳಿಯ ಬಳಿಯಿರುವ ಬೆಂಗಳೂರಿನ ನಿಲ್ದಾಣದ್ದು 13.2. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಭೂಮಿಯ ಸುತ್ತಳತೆ 40,000 ಕಿ.ಮೀ. ಆದುದರಿಂದ ಅದರ 360 ಅಂಶಗಳಲ್ಲಿ ಒಂದಕ್ಕೆ 111 ಕಿ.ಮೀ. ಬರುವುದು, 4.7 ಅಂಶಕ್ಕೆ 520. ಗಂಟೆಗೆ 500 ಕಿ.ಮೀ. ಹಾರುವ ಎಟಿಆರ್ ವಿಮಾನಕ್ಕೆ ಇದು ಒಂದು ಗಂಟೆಯ ದಾರಿಯೆಂದರೆ ಗಣಿತ ಒಪ್ಪುವುದು, ವೇಳಾಪಟ್ಟಿ ಒಪ್ಪದು. ಓಡುದಾರಿಯವರೆಗಿನ ಮಂದಗತಿ, ಮೇಲೇರುವ ಶ್ರಮ, ಇಳಿಯಲು ಸರದಿ ಕಾಯುವ ಸುತ್ತು, ಇವೆಲ್ಲವೂ ಟಿಕೆಟ್ಟಿನ ಮೇಲೆ ಬರೆದ ಕಾಲದಲ್ಲಿ ಅಡಗಿವೆ.

ದೂರ ಹೆಚ್ಚಿದಂತೆ ಸೋಜಿಗವೂ ಹೆಚ್ಚುವುದು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಸ್ತ್ರೀಯರೇ ನಡೆಸಿದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಎಲ್ಲಿಯೂ ತಂಗದೆ 11ರ ಬೆಳಗಿನ ಜಾವ ಬೆಂಗಳೂರಿಗೆ ಇಳಿಯಿತು. ನಡುವೆ 10ನೆಯ ತಾರೀಖೇ ಕಳೆದುಹೋದಂತೆ ತೋರಿದರೂ, ಚಳಿಗಾಲದಲ್ಲಿ ಎರಡೂರುಗಳ ಗಡಿಯಾರಗಳಿಗಿರುವ ಹದಿಮೂರೂವರೆ ಗಂಟೆಗಳ ಅಂತರವನ್ನು ಕಳೆದರೆ ಉಳಿಯುವುದು ಹದಿನೇಳು ಗಂಟೆಗಳಿಗೆ ಮಿಕ್ಕ ಪಯಣ. ಗೋಡೆಯ ನಕಾಶೆಯನ್ನು ನಂಬಿ, ಬೆಂಗಳೂರಿನ ಅಕ್ಷಾಂಶವನ್ನೇ ಹಿಡಿದು ಪೂರ್ವಕ್ಕೆ ಹೋಗಿ ಕೊನೆಯಲ್ಲಿ ಉತ್ತರಕ್ಕೆ ತಿರುಗಿದರೆ ಈ ದಾರಿ ಸುಮಾರು 20,000 ಕಿ.ಮೀ.; ಗೋಳದ ಮೇಲೆ ಎಳೆದ ಹ್ರಸ್ವತಮ ರೇಖೆಯಾದರೋ 14,000 ಕಿ.ಮೀ. ಮಾತ್ರ, ಮತ್ತು ಅದು 71ನೆಯ ಅಕ್ಷಾಂಶದವರೆಗೆ ಬಾಗಿ ಏರುವುದು.

ಆದರೂ ಅಂದಿನ ವಿಮಾನವು ಆ ರೇಖೆಯನ್ನು ಹಿಡಿಯದೆ ಉತ್ತರ ಧ್ರುವದ ದಾರಿಯನ್ನು ಹಿಡಿಯಿತು. ಕಾರಣವು ಗಾಳಿಯಲ್ಲಿದೆ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಧಾವಿಸುವ ವಾಯುಪ್ರವಾಹವು ಚಳಿಗಾಲದಲ್ಲಿ ಪ್ರಬಲವಾಗಿ, ಪೆಸಿಫಿಕ್ ಸಾಗರದ ಮೇಲೆ ನಮ್ಮ ಕಡೆಗೆ ಬರುವ ವಿಮಾನದ ಎದೆಗೆ ಬಡಿಯುವುದು. ಹೋಗುವಾಗ ಅದೇ ಗಾಳಿಯು ಬೆನ್ನಿಗೆ ಬಿದ್ದು ನೂಕುವುದು. ಧ್ರುವದ ಮೂಲಕ ಬಂದರೆ ದೂರವೆಷ್ಟು ಹೆಚ್ಚೀತು? 90ರಿಂದ 13.2ನ್ನೂ ಸ್ಯಾನ್ ಫ್ರಾನ್ಸಿಸ್ಕೋದ 37.6ನ್ನೂ ಬೇರೆಬೇರೆಯಾಗಿ ಕಳೆದು ಕೂಡಿಸಿ: 129.2 ಅಂಶ, ಎಂದರೆ ಸುಮಾರು 14,370 ಕಿ.ಮೀ. ನಾನೂರು ಕಿಲೋಮೀಟರಿಗೂ ಕಡಿಮೆಯಾದ ಈ ದಂಡವನ್ನು ತೆತ್ತು ಎದುರುಗಾಳಿಯನ್ನು ತಪ್ಪಿಸಿಕೊಳ್ಳುವುದು ಜಾಣತನವೇ ಸರಿ. ಹೀಗಾಗಿ ದೂರವನ್ನು ಗೋಳವೂ ಕಾಲವನ್ನು ಗಾಳಿಯೂ ನಿರ್ಣಯಿಸುವುವು. ಚಪ್ಪಟೆಯ ನಕಾಶೆಗೆ ಇವೆರಡರಲ್ಲಿ ಒಂದೂ ತಿಳಿಯದು.

ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣದ ಕೋಟೆಯಿಂದ ಇಂದು ಧ್ರುವನಕ್ಷತ್ರವು ದಿಗಂತದಿಂದ ಸುಮಾರು 18 ಅಂಶ ಎತ್ತರದಲ್ಲಿ ಕಾಣುವುದು. ಆ ಎತ್ತರವೇ ಊರಿನ ಅಕ್ಷಾಂಶ. ಉಳಿದ 72ನ್ನು 111ರಿಂದ ಗುಣಿಸಿದರೆ ಧ್ರುವಕ್ಕೆ ದೂರ 8,000 ಕಿ.ಮೀ. ಎಂಬುದನ್ನು ಏಳನೆಯ ತರಗತಿಯ ಹುಡುಗಿಯೂ ಕಂಡುಕೊಂಡಾಳು. ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ಶಾಲೆಯ ಕಪಾಟಿನಲ್ಲಿ ಧೂಳು ಹಿಡಿದ ಗೋಳವಿದ್ದರೆ ಹೊರಗೆ ತೆಗೆಯಿರಿ, ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದು ಅಳೆಯಲು ಮಕ್ಕಳಿಗೇ ಬಿಡಿರಿ.