ಕೈಗೆ ಭಾರ, ಬಂಡೆಯಲ್ಲಿ ಜಾರು: ಹಳೆಯ ಟ್ರಯಲ್ಸ್ ಗಾಡಿಯ ಕ್ಲಚ್

ಮೋಟಾರ್ ಸೈಕಲ್ ಸ್ಪರ್ಧೆ ಎಂದೊಡನೆ ವೇಗ ನೆನಪಾಗುವುದು ಸಹಜ. ಆದರೆ ಟ್ರಯಲ್ಸ್ ಎಂಬ ಕ್ರೀಡೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಹಳ್ಳ, ಕೆಸರಿನ ಕಿರುದಾರಿಯನ್ನು ಕಾಲು ನೆಲಕ್ಕೆ ಊರದೆ ದಾಟಬೇಕು. ಒಮ್ಮೆ ಕಾಲೂರಿದರೆ ಒಂದು ಅಂಕ ದಂಡ. ದಾಟಲಾಗದೆ ಸೋತರೆ ಐದು. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಸುತ್ತಿನ ಗುಡ್ಡಗಳಲ್ಲಿ ನಡೆಯುವ ಆರು ದಿನಗಳ ಟ್ರಯಲ್ ಇದರಲ್ಲಿ ಬಹು ಪ್ರಸಿದ್ಧ. 1965ರಲ್ಲಿ ಸ್ಯಾಮಿ ಮಿಲ್ಲರ್ ಅಲ್ಲಿ ಗೆದ್ದದ್ದು ಸ್ಪೇನಿನ ಬುಲ್ಟಾಕೊ ಷೆರ್ಪಾ ಗಾಡಿಯ ಮೇಲೆ. ಎರಡು ಸ್ಟ್ರೋಕಿನ, 244 ಸಿ.ಸಿ.ಯ ಹಗುರ ಗಾಡಿ ಅದು. ಕಂಪನಿ 1983ರಲ್ಲಿ ಬಾಗಿಲು ಹಾಕಿದರೂ ಯೂರೋಪಿನ ಹಳೆಯ ಗಾಡಿಗಳ ಸ್ಪರ್ಧೆಗಳಲ್ಲಿ ಷೆರ್ಪಾ ಇನ್ನೂ ಬಂಡೆ ಹತ್ತುತ್ತಿದೆ.

ಇಂಥ ಹಳೆಯ ಗಾಡಿಗಳನ್ನು ಕಾಡುವ ತೊಂದರೆಯೊಂದಿದೆ. ಕ್ಲಚ್ ಹಿಡಿ ಒತ್ತಲಾರದಷ್ಟು ಬಿಗಿ. ಬಿಟ್ಟ ಮೇಲೂ ಕ್ಲಚ್ ಜಾರುತ್ತದೆ. ಎಂಜಿನ್ ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಕಡಿದಾದ ಏರಿನ ನಡುವೆ ಹೀಗಾದರೆ ಸುಮಾರು ತೊಂಬತ್ತು ಕಿಲೋ ತೂಕದ ಗಾಡಿ ಸವಾರನ ಮೇಲೆಯೇ ಹಿಂದಕ್ಕೆ ಉರುಳಬಹುದು. ಬಿಗಿಯಾದದ್ದು ಗಟ್ಟಿಯಾಗಿ ಹಿಡಿಯಬೇಕಲ್ಲವೆ? ಬಿಗಿಯೂ ಇದ್ದು ಜಾರುವುದೂ ಹೇಗೆ?

ಕ್ಲಚ್ ಒಳಗೆ ಘರ್ಷಣೆಯ ತಟ್ಟೆಗಳೂ ಉಕ್ಕಿನ ತಟ್ಟೆಗಳೂ ಒಂದರ ಮೇಲೊಂದು ಜೋಡಿಸಿರುತ್ತವೆ. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ. ಇಡೀ ಜೋಡಣೆ ಎಣ್ಣೆಯಲ್ಲಿ ಮುಳುಗಿರುತ್ತದೆ. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಗಾಡಿಯನ್ನು ಬಿಚ್ಚಿ ನೋಡಿದವರಿಗೆ ಈ ಏರ್ಪಾಡು ಹೊಸದಲ್ಲ. ಕ್ಲಚ್ಚಿನ ಹಿಡಿತ ನಾಲ್ಕು ಸಂಗತಿಗಳ ಗುಣಲಬ್ಧ: ಸ್ಪ್ರಿಂಗಿನ ಬಲ, ಘರ್ಷಣಾಂಕ, ತಟ್ಟೆಯ ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ. ಜಾರಿದ ಕೂಡಲೇ ಹೆಚ್ಚಿನವರು ಕೈ ಹಾಕುವುದು ಮೊದಲನೆಯದಕ್ಕೆ. ಸ್ಪ್ರಿಂಗನ್ನು ಬಿಗಿ ಮಾಡುತ್ತಾರೆ, ಅಡಿಗೆ ವಾಷರ್ ತುಂಬುತ್ತಾರೆ. ಕೈ ಸೋಲುತ್ತದೆ; ಮೂಲ ದೋಷ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಮೊದಲು ಕೇಬಲ್ ನೋಡಬೇಕು. ಇಲ್ಲಿ ನೀವೇ ಒಂದು ಪ್ರಯೋಗ ಮಾಡಿ ನೋಡಬಹುದು. ಕಿಟಕಿಯ ಸರಳಿನ ಮೇಲೆ ಹುರಿಯೊಂದನ್ನು ಅರ್ಧ ಸುತ್ತು ಹಾಯಿಸಿ, ಒಂದು ತುದಿಗೆ ಕಲ್ಲು ಕಟ್ಟಿ, ಇನ್ನೊಂದನ್ನು ಶಾಲೆಯ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಕಲ್ಲಿನ ತೂಕಕ್ಕಿಂತ ಹೆಚ್ಚು ಬಲ ಬೇಕಾಗುತ್ತದೆ. ಬಾಗು ಹೆಚ್ಚಿದಷ್ಟೂ ನಷ್ಟ ಕೂಡುವುದಿಲ್ಲ, ಗುಣಿಸುತ್ತದೆ. ಕೇಬಲಿನ ಬಾಗುಗಳೆಲ್ಲ ಸೇರಿ 180 ಡಿಗ್ರಿ ಎಂದಿಟ್ಟುಕೊಳ್ಳಿ. ಘರ್ಷಣಾಂಕ 0.15 ಇದ್ದರೆ ಆ ತುದಿಯಲ್ಲಿ 10 ಕಿಲೋ ಎಳೆತ ಬೇಕಾದಾಗ ಈ ತುದಿಯಲ್ಲಿ 16 ಕಿಲೋ ಎಳೆಯಬೇಕು. ತುಕ್ಕು ಹಿಡಿದು ಘರ್ಷಣಾಂಕ 0.3 ಆದರೆ ಸುಮಾರು 26 ಕಿಲೋ! ಸ್ಪ್ರಿಂಗ್ ಅದೇ, ಕ್ಲಚ್ ಅದೇ, ಭಾರವೆಲ್ಲ ದಾರಿಯದು. ಎಳೆ ಬಿಟ್ಟ ಕೇಬಲನ್ನು ಬದಲಿಸಿ, ಎಣ್ಣೆ ಇಳಿಸಿ, ಹ್ಯಾಂಡಲಿನಿಂದ ಎಂಜಿನ್‌ವರೆಗೆ ಆದಷ್ಟೂ ದೊಡ್ಡ ಬಾಗಿನಲ್ಲಿ ಒಯ್ದರೆ ಅರ್ಧ ರೋಗ ವಾಸಿ.

ಜಾರುವಿಕೆಗೂ ಕೇಬಲಿಗೂ ನಂಟಿದೆ. ಹಿಡಿಯಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಇರಲೇಬೇಕು. ತಟ್ಟೆಗಳು ಸವೆದಂತೆ ಒತ್ತುತಟ್ಟೆ ಒಳಕ್ಕೆ ಸರಿಯುತ್ತದೆ, ಈ ಸಡಿಲ ತಾನಾಗಿಯೇ ಕರಗುತ್ತದೆ. ಆಮೇಲೆ ಯಾರೂ ಹಿಡಿಯದಿದ್ದರೂ ಕ್ಲಚ್ ಅರ್ಧ ಬಿಟ್ಟ ಸ್ಥಿತಿಯಲ್ಲೇ ಇರುತ್ತದೆ.

ಇನ್ನು ಎಣ್ಣೆ. ಬುಲ್ಟಾಕೊದಲ್ಲಿ ಕ್ಲಚ್ಚಿನ ಕೋಣೆಗೂ ಗೇರ್ ಪೆಟ್ಟಿಗೆಗೂ ಬೇರೆ ಬೇರೆ ಎಣ್ಣೆ. ಕಾರಿನ ಆಧುನಿಕ ಎಣ್ಣೆಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರಬಹುದು. ಎಂಜಿನ್ನಿಗೆ ಹಿತವಾದದ್ದು ಇಲ್ಲಿ ವಿಷ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆಂದೇ ಮಾಡಿದ ಎಣ್ಣೆ ಹಾಕಬೇಕು.

ಇಷ್ಟಾದರೂ ಜಾರಿದರೆ ಮಾತ್ರ ಬಿಚ್ಚಬೇಕು. ಗಾಜಿನಂತೆ ಹೊಳೆಯುವ ಉಕ್ಕಿನ ತಟ್ಟೆಯನ್ನು ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಉಜ್ಜಿದರೆ ಹೊಳಪು ಹೋಗುತ್ತದೆ, ಡೊಂಕೂ ಕಾಣಿಸುತ್ತದೆ. ಡೊಂಕಾದದ್ದನ್ನು ಎಸೆಯಿರಿ. ಘರ್ಷಣೆಯ ತಟ್ಟೆಗಳನ್ನು ಮಾತ್ರ ಉಜ್ಜಬೇಡಿ. ಹಳೆಯ ತಟ್ಟೆಗಳಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಸವೆದಿದ್ದರೆ ಹೊಸದು ಹಾಕಿ.

ಜಾಣತನವಿರುವುದು ನಾಲ್ಕನೆಯ ಸಂಗತಿಯಲ್ಲಿ. ಐದು ಘರ್ಷಣೆಯ ತಟ್ಟೆಗಳಿಗೆ ಹತ್ತು ಮುಖ. ತೆಳು ತಟ್ಟೆಗಳನ್ನು ಬಳಸಿ ಅದೇ ಜಾಗದಲ್ಲಿ ಆರು ಕೂಡಿಸಿದರೆ ಹನ್ನೆರಡು. ಅದೇ ಹಿಡಿತಕ್ಕೆ ಸ್ಪ್ರಿಂಗಿನ ಬಲವನ್ನು ಆರನೇ ಒಂದು ಪಾಲು ಇಳಿಸಬಹುದು. ಎಂಜಿನ್ ಕಡೆಯ ಸನ್ನೆತೋಳನ್ನು ಉದ್ದ ಮಾಡುವವರೂ ಉಂಟು. ಆಗ ಹಿಡಿ ಹಗುರಾಗುತ್ತದೆ, ಆದರೆ ತಟ್ಟೆಗಳು ಬಿಡಿಸಿಕೊಳ್ಳುವ ದೂರವೂ ಅಷ್ಟೇ ಕಡಿಮೆಯಾಗುತ್ತದೆ. ನನಗೆ ಅದಕ್ಕಿಂತ ತಟ್ಟೆಯ ದಾರಿಯೇ ಮೇಲೆನಿಸುತ್ತದೆ.

ಮರುಜೋಡಿಸಿದ ಮೇಲೆ ಹಿಡಿಯನ್ನು ನಿಧಾನವಾಗಿ ಒತ್ತಿ ನೋಡಿ. ಒತ್ತುತಟ್ಟೆ ಓರೆಯಾಗಿ ಎದ್ದರೆ ಸ್ಪ್ರಿಂಗುಗಳು ಸಮನಾಗಿಲ್ಲ, ಸರಿಪಡಿಸಿ. ಬಳಿಕ ಎಂಜಿನ್ ಬಿಸಿಯಾದ ಮೇಲೆ ಸಮತಟ್ಟು ನೆಲದಲ್ಲಿ ಮೇಲಿನ ಗೇರಿನಲ್ಲಿ ಥಟ್ಟನೆ ಆಕ್ಸಿಲರೇಟರ್ ತಿರುಗಿಸಿ. ಎಂಜಿನ್ ಮಾತ್ರ ಕೂಗಿ ಗಾಡಿ ಅಲ್ಲೇ ಉಳಿದರೆ ಇನ್ನೂ ಜಾರುತ್ತಿದೆ ಎಂದರ್ಥ. ಬಂಡೆಯ ಹತ್ತಿರ ಹೋಗಬೇಡಿ.